ಆರೋಗ್ಯವೇ ಭಾಗ್ಯ, ಅಟ್ಯಾಚ್‌ಮೆಂಟ್ ನೋಡಿ

ರಾತ್ರಿ 11:40ಕ್ಕೆ ಮೊಬೈಲ್ ಟಿಂಗ್ ಅಂತು. ಎಚ್‌ಆರ್ ಮೇಲ್. ವಿಷಯ: ಒಳ್ಳೆಯ ನಿದ್ದೆ. ಕಣ್ಣು ಮುಚ್ಚಿದ್ದವನು ಎದ್ದು ಕೂತು ಓದಿದೆ. ಮಲಗುವ ಹೊತ್ತಲ್ಲಿ ಮೊಬೈಲ್ ನೋಡಬಾರದಂತೆ.

ಜೊತೆಗೆ 38 ಪುಟದ ಪಿಡಿಎಫ್. ಮೊದಲ ನಾಲ್ಕು ಪುಟ ದೊಡ್ಡವರ ಸಂದೇಶ, ನಗುವ ಫೋಟೋ ಸಮೇತ. ಬಿಪಿ 140/90 ದಾಟಿದರೆ ಡಾಕ್ಟರನ್ನು ನೋಡಿ ಅನ್ನೋ ಒಂದು ಸಾಲು ಹೇಳೋಕೆ ಮೂರು ಪುಟ ಸುತ್ತಾಡಿಸಿದ್ದಾರೆ, ಅಷ್ಟು ಓದುವಷ್ಟರಲ್ಲಿ ಬಿಪಿ ತಾನಾಗಿಯೇ ಅಲ್ಲಿಗೆ ಬಂದಿರುತ್ತೆ. ನನಗೆ ಬೇಕಿದ್ದದ್ದು ಇನ್ಶೂರೆನ್ಸ್‌ನವರ ಫೋನ್ ನಂಬರ್ ಮಾತ್ರ. ಅದು 31ನೇ ಪುಟದ ಬುಡದಲ್ಲಿ ಇರುವೆ ಸಾಲಿನ ಹಾಗೆ ಕೂತಿತ್ತು. ಬೆಳಿಗ್ಗೆ ಡಯಲ್ ಮಾಡಿದೆ. ಆ ನಂಬರ್ ಚಾಲ್ತಿಯಲ್ಲಿಲ್ಲ.

ಮಧ್ಯಾಹ್ನ ಒತ್ತಡ ನಿವಾರಣೆ ಬಗ್ಗೆ ವೆಬಿನಾರ್. ಸರಿಯಾಗಿ ಊಟದ ಹೊತ್ತಿಗೆ. ಬರದವರ ಹೆಸರು ಮ್ಯಾನೇಜರಿಗೆ ಹೋಗುತ್ತೆ. ಕೊನೆಗೊಂದು ಸಮೀಕ್ಷೆ, ನಿಮ್ಮ ಗುರುತು ಗುಟ್ಟಾಗಿರುತ್ತೆ ಅಂತ ಭರವಸೆ ಬೇರೆ. ಮೊದಲ ಪ್ರಶ್ನೆ: ನಿಮ್ಮ ಎಂಪ್ಲಾಯಿ ಐಡಿ?

ದಿನಕ್ಕೆ 10,000 ಹೆಜ್ಜೆ ನಡೆಯೋ ಸ್ಪರ್ಧೆಯೂ ಇದೆ. ಈ ಸಂಖ್ಯೆ ಹಬ್ಬಿದ್ದು ಒಂದು ಮಾರಾಟದ ಹೆಸರಿನಿಂದ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರೋಕೆ ಅದಕ್ಕಿಟ್ಟ ಹೆಸರೇ 'ಹತ್ತು ಸಾವಿರ ಹೆಜ್ಜೆ ಮೀಟರ್'. ವಿಶ್ವ ಆರೋಗ್ಯ ಸಂಸ್ಥೆ ಕೇಳೋದು ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ವ್ಯಾಯಾಮ, ಹೆಜ್ಜೆ ಲೆಕ್ಕವಲ್ಲ. ಇರಲಿ ಬಿಡಿ. ನಮ್ಮಲ್ಲಿ ಗೆದ್ದವನು ಇಡೀ ದಿನ ಕುರ್ಚಿ ಬಿಟ್ಟು ಏಳದೆ ಮೊಬೈಲ್ ಅಲ್ಲಾಡಿಸಿದವನು.

ಲಿಫ್ಟ್ ಪಕ್ಕ ಹೊಸ ಪೋಸ್ಟರ್: ತುಂಬಾ ಹೊತ್ತು ಕೂರಬೇಡಿ. ಅದನ್ನು ದಿನಾ ಒರೆಸೋ ಹೆಂಗಸು ಕೇಳಿದರು, "ಏನ್ ಬರೆದಿದೆ ಸಾರ್?" ಹೇಳಿದೆ. "ನಮಗೆ ಕುರ್ಚಿ ಎಲ್ಲಿದೆ?" ಅಂತ ನಕ್ಕರು. ಆಮೇಲೆ ಅಂಗೈ ಮುಂದೆ ಚಾಚಿದರು. ಕೆಂಪಗೆ, ಬೆರಳ ಸಂದಿಯಲ್ಲಿ ಚರ್ಮ ಬಿರಿದಿತ್ತು. ನೆಲ ಒರೆಸೋ ದ್ರವದ ಕ್ಯಾನ್ ತಿರುಗಿಸಿ ನೋಡಿದೆ. ಅವರಿಗೆ ಬಾರದ ಭಾಷೆಯಲ್ಲಿ, ಸಣ್ಣಕ್ಷರದಲ್ಲಿ, ಕೈಗವಸು ಹಾಕಿಯೇ ಬಳಸಿ ಅಂತಿತ್ತು. ಮೂರು ವರ್ಷದಿಂದ ಬರಿಗೈಲಿ ಒರೆಸುತ್ತಿದ್ದಾರೆ. ಯಾರೂ ಹೇಳಿರಲಿಲ್ಲ.

ನೇರ ಎಚ್‌ಆರ್ ಹತ್ತಿರ ಹೋದೆ. ಪಾಪ, ತುಂಬಾ ಕಾಳಜಿಯಿಂದ ಕೇಳಿಸಿಕೊಂಡರು, ಬರೆದುಕೊಂಡರು.

"ಖಂಡಿತ ತಿಳಿಸ್ತೀವಿ," ಅಂದರು. "ಅವರ ಮೇಲ್ ಐಡಿ ಕೊಡಿ."