ಸ್ಪಷ್ಟನೆ: ಕ್ಯಾರೆಟ್‌ನ ವಿಟಮಿನ್ ಎ ಅರ್ಧಕ್ಕಿಳಿದಿಲ್ಲ

ಆಹಾರ ಸೇವನೆಯನ್ನು ವಿಶ್ಲೇಷಿಸುವ ತಂತ್ರಾಂಶದ ದತ್ತಾಂಶ ಪರಿಷ್ಕರಣೆಯಾದ ಮೇಲೆ ಕ್ಯಾರೆಟ್‌ನ ವಿಟಮಿನ್ ಎ ಪ್ರಮಾಣ ಅರ್ಧಕ್ಕಿಳಿದಿದೆ, ಆದ್ದರಿಂದ ಹಳೆಯ ವರದಿಗಳೆಲ್ಲವೂ ಸುಳ್ಳು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು ಗ್ರಹಿಕೆ.

ಬದಲಾಗಿರುವುದು ತರಕಾರಿಯಲ್ಲ, ಅಳೆಯುವ ಮಾನ. ಹಿಂದಿನ ಲೆಕ್ಕದಲ್ಲಿ ಆಹಾರದಲ್ಲಿರುವ 6 ಮೈಕ್ರೋಗ್ರಾಂ ಬೀಟಾ ಕೆರೋಟಿನ್ (ಕ್ಯಾರೆಟ್‌ನಂಥ ತರಕಾರಿಗಳಲ್ಲಿದ್ದು ದೇಹದಲ್ಲಿ ವಿಟಮಿನ್ ಎ ಆಗಿ ಮಾರ್ಪಡುವ ವಸ್ತು) 1 ಮೈಕ್ರೋಗ್ರಾಂ ರೆಟಿನಾಲ್‌ಗೆ (ವಿಟಮಿನ್ ಎಯ ನೇರ ರೂಪ) ಸಮವೆನಿಸಿತ್ತು. ಬೀಟಾ ಕೆರೋಟಿನ್‌ನಿಂದ ದೇಹಕ್ಕೆ ದಕ್ಕುವುದು ಅಷ್ಟಿಲ್ಲವೆಂದು ಕಂಡುಬಂದದ್ದರಿಂದ, 2001ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಆ ಅನುಪಾತವನ್ನು 12ಕ್ಕೆ 1 ಎಂದು ತಿದ್ದಿತು. ಹೀಗಾಗಿ 6,000 ಮೈಕ್ರೋಗ್ರಾಂ ಬೀಟಾ ಕೆರೋಟಿನ್ ಇರುವ ಒಂದು ಪಾಲು ಹಳೆಯ ಮಾನದಲ್ಲಿ 1,000 ಮೈಕ್ರೋಗ್ರಾಂ ವಿಟಮಿನ್ ಎ ಎಂದೂ ಹೊಸ ಮಾನದಲ್ಲಿ 500 ಎಂದೂ ಕಾಣುತ್ತದೆ. ಹಾಲು, ಮೊಟ್ಟೆಗಳಲ್ಲಿ ನೇರವಾಗಿಯೇ ಇರುವ ರೆಟಿನಾಲ್‌ನ ಲೆಕ್ಕ ಮಾತ್ರ ಬದಲಾಗಿಲ್ಲ.

ನಿಜಕ್ಕೂ ಎಚ್ಚರ ಬೇಕಾದದ್ದು ಬೇರೆಡೆ: ಒಂದೇ ಅಧ್ಯಯನದಲ್ಲಿ ಅರ್ಧ ದಾಖಲೆಗಳನ್ನು ತಂತ್ರಾಂಶದ ಹಳೆಯ ಆವೃತ್ತಿಯಲ್ಲೂ ಉಳಿದರ್ಧವನ್ನು ಹೊಸದರಲ್ಲೂ ಲೆಕ್ಕ ಹಾಕಿ ಹೋಲಿಸಿದರೆ, ಯಾರ ಊಟವೂ ಬದಲಾಗದೆ ಫಲಿತಾಂಶ ಮಾತ್ರ ಬದಲಾಗುತ್ತದೆ. ಮೂಲ ಆಹಾರ ದಾಖಲೆ ಉಳಿದಿದ್ದರೆ ಎಲ್ಲವನ್ನೂ ಒಂದೇ ಆವೃತ್ತಿಯಲ್ಲಿ ಮರುವಿಶ್ಲೇಷಿಸಬೇಕು. ವರದಿಯಲ್ಲಿ ಆವೃತ್ತಿಯ ಸಂಖ್ಯೆಯನ್ನೂ ಬಳಸಿದ ಮಾನವನ್ನೂ ದಯವಿಟ್ಟು ತಪ್ಪದೆ ನಮೂದಿಸಿ.