ಓಡುವವನು ಒಬ್ಬ, ಕುಳಿತವರು ಕುಟುಂಬ

ಮಗ ಓಡಬೇಕು ಎಂದು ಮನೆಯವರೆಲ್ಲ ಸೇರಿ ಒಮ್ಮತದಿಂದ ತೀರ್ಮಾನಿಸಿದೆವು. ಸಭೆ ಸೋಫಾದ ಮೇಲೆ ನಡೆಯಿತು. ಅಧ್ಯಕ್ಷತೆ ವಹಿಸಿದ್ದ ಅಜ್ಜ ಆರಾಮಕುರ್ಚಿಯಿಂದ ಏಳದೆಯೇ, ಈ ಕಾಲದ ಮಕ್ಕಳಿಗೆ ಮೈ ಬಗ್ಗುವುದಿಲ್ಲ ಎಂದು ವಿಷಾದ ವ್ಯಕ್ತಪಡಿಸಿದರು. ನಾನು ಅನುಮೋದಿಸಿದೆ. ಟಿವಿಯ ರಿಮೋಟ್ ಎಲ್ಲಿ ಎಂದು ಹೆಂಡತಿ ಕೇಳಿದಳು. ತಂದುಕೊಡಲು ಎದ್ದವನು ಹದಿನಾಲ್ಕರ ಆ ಹುಡುಗನೇ. ಅಂದು ನಮ್ಮ ಮನೆಯಲ್ಲಿ ನಡೆದ ಏಕೈಕ ವ್ಯಾಯಾಮ ಅದು.

ಹೀಗೆ ನಾವು ‘ಹದಿಹರೆಯದ ಬೊಜ್ಜು ತಡೆಗೆ ಕುಟುಂಬ ಆಧಾರಿತ ಸಮುದಾಯ ಕಾರ್ಯಕ್ರಮ’ಕ್ಕೆ ಸೇರಿದೆವು. ಒಂದೇ ಉಸಿರಿನಲ್ಲಿ ಈ ಹೆಸರು ಹೇಳಿದರೆ ಅರ್ಧ ವ್ಯಾಯಾಮ ಮುಗಿದಂತೆ. ಅರ್ಜಿಯಲ್ಲಿ ಕುಟುಂಬಕ್ಕೂ ಜಾಗವಿತ್ತು: ಕೊನೆಯ ಪುಟದ ಕೆಳಗೆ, ಸಹಿ ಮಾಡುವಲ್ಲಿ.

ಉದ್ಘಾಟನೆ ಎರಡೂವರೆ ಗಂಟೆ ನಡೆಯಿತು. ಬಹಳ ಹೊತ್ತು ಕುಳಿತಿರುವುದು ಎಷ್ಟು ಅಪಾಯಕಾರಿ ಎಂಬುದನ್ನು ಗಣ್ಯರು ಒಬ್ಬರಾದ ಮೇಲೊಬ್ಬರು ವಿವರಿಸಿದರು. ಮಕ್ಕಳು ಕುಳಿತು ಕೇಳಿದರು. ನಡುವೆ ಎದ್ದ ಇಬ್ಬರನ್ನು ಸ್ವಯಂಸೇವಕರು ಗದರಿಸಿ ಕೂರಿಸಿದರು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಚಟುವಟಿಕೆಯಿಂದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರ ಲೆಕ್ಕದಂತೆ ಜಗತ್ತಿನಲ್ಲಿ 11ರಿಂದ 17 ವರ್ಷದ ಮಕ್ಕಳ ಪೈಕಿ ಶೇ 81ರಷ್ಟು ಮಂದಿ ಇದನ್ನು ಮುಟ್ಟುವುದಿಲ್ಲ. ಈ ಅಂಕಿಯನ್ನು ಮೂವರು ಗಣ್ಯರು ಮೂರು ಸಲ ಓದಿದರು. ಯಾರೂ ಹೇಳದೆ ಬಿಟ್ಟದ್ದು ಒಂದೇ: ಮಕ್ಕಳು ದಿನವೂ ಚೆಂಡಾಡುತ್ತಿದ್ದ ಪಕ್ಕದ ಮೈದಾನ ಅಂದು ಗಣ್ಯರ ಕಾರುಗಳಿಗೆ ಮೀಸಲಾಗಿತ್ತು.

ಕಾರ್ಯಕ್ರಮದ ಪ್ರಾಯೋಜಕರು ಒಂದು ಸಿಹಿ ಪಾನೀಯದ ಕಂಪನಿಯವರು. ಬಾಗಿಲಲ್ಲೇ ಮಳಿಗೆ, ಮಕ್ಕಳಿಗೆ ಉಚಿತ. ಇಂಥ 330 ಮಿಲಿಲೀಟರ್ ಡಬ್ಬಿಯೊಂದರಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಡಬ್ಬಿಯ ಮೇಲೆ ಓಡುತ್ತಿರುವ ಹುಡುಗನ ಚಿತ್ರವಿತ್ತು. ಅವನು ಯಾವುದರಿಂದ ಓಡಿಹೋಗುತ್ತಿದ್ದಾನೆ ಎಂದು ಬರೆದಿರಲಿಲ್ಲ. ಇದನ್ನು ಕಂಡು ಹುಬ್ಬೇರಿಸುವವರು ಹಳೆಯದನ್ನು ಮರೆತವರು. ಅಮೆರಿಕದಲ್ಲಿ ಕೋಕಾ-ಕೋಲಾ ಹಣದ ನೆರವಿನಿಂದ ‘ಗ್ಲೋಬಲ್ ಎನರ್ಜಿ ಬ್ಯಾಲೆನ್ಸ್ ನೆಟ್‌ವರ್ಕ್’ ಎಂಬ ವಿಜ್ಞಾನಿಗಳ ಕೂಟವೊಂದು ಹುಟ್ಟಿ, ತಿನ್ನುವುದು ಕುಡಿಯುವುದಕ್ಕಿಂತ ವ್ಯಾಯಾಮದ ಮೇಲೆಯೇ ಒತ್ತು ಕೊಡುತ್ತಿತ್ತು. ಹಣದ ಮೂಲ ಪತ್ರಿಕೆಯಲ್ಲಿ ಬಯಲಾದ ಮೇಲೆ 2015ರ ಕೊನೆಗೆ ಬಾಗಿಲು ಮುಚ್ಚಿತು. ನಮ್ಮ ಪ್ರಾಯೋಜಕರು ಅಷ್ಟು ದೂರ ಹೋಗಿಲ್ಲ. ಬರೀ ಬ್ಯಾನರ್ ಕಟ್ಟಿದ್ದಾರೆ.

ಆಮೇಲೆ ತೂಕ. ವೇದಿಕೆಯ ಮೇಲೆಯೇ, ಮೈಕ್ ಎದುರು, ಸಮುದಾಯದ ಸಮ್ಮುಖದಲ್ಲಿ. ಸಮುದಾಯ ಕಾರ್ಯಕ್ರಮ ಎಂಬುದರ ಅರ್ಥ ನನಗೆ ಹೊಳೆದದ್ದು ಆಗ. ನಿರೂಪಕರು ಒಬ್ಬೊಬ್ಬರ ಹೆಸರಿನ ಜೊತೆಗೆ ಕಿಲೋಗ್ರಾಂ ಕೂಗಿದರು. ಗಣ್ಯರನ್ನೂ ತೂಗಿದ್ದರೆ ಚೆನ್ನಾಗಿತ್ತು, ಆದರೆ ಯಂತ್ರಕ್ಕೆ ಒಂದು ಮಿತಿ ಇರುತ್ತದಲ್ಲ. ಬೊಜ್ಜು ಅಳೆಯಲು ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ‘ಬಿಎಂಐ’ ಎಂಬ ಸೂತ್ರವನ್ನು 1830ರ ದಶಕದಲ್ಲಿ ರೂಪಿಸಿದವನು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ನಕ್ಷತ್ರಗಳನ್ನು ನೋಡುತ್ತಿದ್ದ ಆತನಿಗೆ ಬೇಕಿದ್ದದ್ದು ‘ಸರಾಸರಿ ಮನುಷ್ಯ’, ಯಾರ ಮನೆಯ ಹುಡುಗನೂ ಅಲ್ಲ. ಬೆಳೆಯುವ ಮಕ್ಕಳಿಗಂತೂ ಆ ಸಂಖ್ಯೆಯನ್ನು ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಪಟ್ಟಿಯೊಂದಿಗೆ ಹೋಲಿಸಿಯೇ ನೋಡಬೇಕು. ನಮ್ಮ ನಿರೂಪಕರ ಕೈಯಲ್ಲಿದ್ದದ್ದು ದೊಡ್ಡವರ ಪಟ್ಟಿ. ಅದರ ಪ್ರಕಾರ ಸಾಲಿನಲ್ಲಿದ್ದ ಅರ್ಧ ಮಕ್ಕಳು ಹಸಿವಿನಿಂದ ಸಾಯುವ ಸ್ಥಿತಿಯಲ್ಲಿದ್ದರು. ಅವರಿಗೂ ವ್ಯಾಯಾಮ ಬರೆದುಕೊಟ್ಟರು.

ಕೊನೆಗೆ ಒಬ್ಬ ವೈದ್ಯೆಗೆ ಐದು ನಿಮಿಷ ಸಿಕ್ಕಿತು. ಆಕೆ ಸಭ್ಯತೆಯ ಮಿತಿ ಮೀರಿದರು, ಅಂದರೆ ವಿಷಯಕ್ಕೆ ಬಂದರು. ಅಮೆರಿಕದ ಲಿಯೊನಾರ್ಡ್ ಎಪ್‌ಸ್ಟೈನ್ ಮತ್ತು ಸಂಗಡಿಗರು ಹತ್ತು ವರ್ಷ ಬೆನ್ನುಬಿದ್ದು ನೋಡಿ 1990ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಹೇಳಿದರು: ಹೆತ್ತವರೂ ಮಗುವಿನ ಜೊತೆ ತಮ್ಮ ತೂಕ ಇಳಿಸಲು ಹೊರಟ ಗುಂಪಿನಲ್ಲಿ ಮಕ್ಕಳಿಗೆ ಆದ ಲಾಭ ಹತ್ತು ವರ್ಷದ ನಂತರವೂ ಕಾಣುತ್ತಿತ್ತು, ಮಗುವನ್ನೊಂದೇ ಗುರಿ ಮಾಡಿದಲ್ಲಿ ಅಷ್ಟು ಕಾಣಲಿಲ್ಲ. ಸಭೆಯಲ್ಲಿ ಹೆತ್ತವರು ಕೆಮ್ಮಿದರು. ಮನೆಯಲ್ಲಿ ಹದಿಹರೆಯದವರ ತೂಕದ ಮಾತೆತ್ತುತ್ತಲೇ ಇದ್ದರೆ ಅವರು ಊಟ ಬಿಡುವ, ಇಲ್ಲವೇ ಒಮ್ಮೆಗೇ ವಿಪರೀತ ತಿನ್ನುವ ಅಭ್ಯಾಸಗಳಿಗೆ ಬೀಳುವ ಸಂಭವ ಹೆಚ್ಚು, ಅಮೆರಿಕದ ಮಿನೆಸೋಟ ರಾಜ್ಯದ ಅಧ್ಯಯನ ಇದನ್ನು ತೋರಿಸಿದೆ ಎಂದರು. ನಿರೂಪಕರು ತೂಕದ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮ್ಯಾಸಚೂಸೆಟ್ಸ್‌ನ ಸೋಮರ್‌ವಿಲ್ ಎಂಬ ಊರಿನಲ್ಲಿ 2002ರಲ್ಲಿ ಶುರುವಾದ ಕಾರ್ಯಕ್ರಮದಲ್ಲಿ ಶಾಲೆಯ ಅಡುಗೆಮನೆ, ಹೋಟೆಲಿನ ತಿಂಡಿಪಟ್ಟಿ, ಮಕ್ಕಳು ಶಾಲೆಗೆ ನಡೆದುಹೋಗುವ ದಾರಿ ಎಲ್ಲವನ್ನೂ ಬದಲಿಸಲು ಹೊರಟರು ಎಂದು ಆಕೆ ಆರಂಭಿಸಿದ್ದರು, ಅಷ್ಟರಲ್ಲಿ ಚೀಟಿ ಬಂತು. ಸಮಯದ ಅಭಾವ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ಇಷ್ಟು ದಿನ ಮೂರ್ಖರ ಕಥೆ ಎಂದುಕೊಂಡಿದ್ದೆ. ಅದು ಯೋಜನಾ ವರದಿ. ಇಲ್ಲಿ ಬರೆ ಎಳೆದದ್ದು ಕರುವಿಗೆ, ಅಷ್ಟೇ ವ್ಯತ್ಯಾಸ.

ಮನೆಗೆ ಬಂದು ಕಟ್ಟುನಿಟ್ಟಾಗಿ ನಿಯಮ ಜಾರಿ ಮಾಡಿದೆವು. ಸಿಹಿಯ ಡಬ್ಬಿ ಅಟ್ಟದ ಮೇಲೇರಿತು. ಮಧ್ಯರಾತ್ರಿ ದೀಪ ಹಾಕದೆ ಸ್ಟೂಲು ಹತ್ತಿ ಅದನ್ನು ಇಳಿಸುವುದು ಈ ವಯಸ್ಸಿನಲ್ಲಿ ನನಗೆ ಒಳ್ಳೆಯ ವ್ಯಾಯಾಮವೇ. ಊಟದ ಹೊತ್ತಿನಲ್ಲಿ ಯಾರೂ ಮೊಬೈಲ್ ಮುಟ್ಟಕೂಡದು ಎಂಬ ನಿಯಮವನ್ನು ಊಟದ ಹೊತ್ತಿನಲ್ಲಿಯೇ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದೆ. ಎದುರಿಗೇ ಕುಳಿತಿದ್ದ ಹೆಂಡತಿ ಕೂಡಲೇ ಹೆಬ್ಬೆರಳು ಎತ್ತಿದಳು, ಪರದೆಯ ಮೇಲೆ.

ನಸುಕಿನ ಐದಕ್ಕೆ ನಡಿಗೆ ಎಂದೂ ಗೊತ್ತುಮಾಡಿದೆವು. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು, ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಮಲಗಿಸಿ ತಡವಾಗಿ ಎಬ್ಬಿಸುತ್ತದೆ, ನಿದ್ದೆ ಕಡಿಮೆಯಾದಷ್ಟೂ ತೂಕ ಏರುವ ಸಂಭವ ಹೆಚ್ಚು. ಇದಕ್ಕೆ ಮಣಿದು ಕ್ಯಾಲಿಫೋರ್ನಿಯಾದವರು 2022ರಿಂದ ಬಹುತೇಕ ಪ್ರೌಢಶಾಲೆಗಳು ಬೆಳಿಗ್ಗೆ 8.30ಕ್ಕೆ ಮೊದಲು ಆರಂಭವಾಗಬಾರದೆಂದು ಕಾನೂನನ್ನೇ ಜಾರಿಗೆ ತಂದರು. ನಾವು ಅಷ್ಟು ದುರ್ಬಲರಲ್ಲ. ರಾತ್ರಿ ಟ್ಯೂಷನ್ ಮುಗಿಸಿ ಹನ್ನೊಂದಕ್ಕೆ ಮಲಗಿದವನನ್ನು ಐದಕ್ಕೆ ಎಬ್ಬಿಸಿ ಕಳುಹಿಸಿ, ಬಾಗಿಲು ಹಾಕಿಕೊಂಡು ಮತ್ತೆ ಮಲಗಿದೆವು.

ಕಾರ್ಯಕ್ರಮದ ಕೊನೆಗೆ ಸ್ಪರ್ಧೆ: ಒಂದು ವಾರದಲ್ಲಿ ಅತಿ ಹೆಚ್ಚು ಹೆಜ್ಜೆ ನಡೆದ ಕುಟುಂಬಕ್ಕೆ ಬಹುಮಾನ. ನಾಲ್ವರಿಗೂ ಕೈಗೆ ಕಟ್ಟಿಕೊಳ್ಳುವ, ಹೆಜ್ಜೆ ಎಣಿಸುವ ಪಟ್ಟಿ ಕೊಟ್ಟರು. ಎರಡು ದಿನ ನೋಡಿದೆವು. ನನ್ನ ಲೆಕ್ಕ ಅಡುಗೆಮನೆಯವರೆಗೆ ಹೋಗಿ ಬಂದಷ್ಟಿತ್ತು, ಅಜ್ಜನದು ಶೂನ್ಯದ ಆಸುಪಾಸು. ಮನೆತನದ ಮರ್ಯಾದೆಯ ಪ್ರಶ್ನೆ. ಸೋಫಾದ ಮೇಲೆ ಮತ್ತೆ ಸಭೆ ಸೇರಿತು. ಮೂರನೆಯ ದಿನದಿಂದ ಹುಡುಗ ನಸುಕಿನಲ್ಲಿ ಹೊರಟಾಗ ಅವನ ಎರಡು ಕೈಗೆ ಎರಡು, ಎರಡು ಕಾಲಿಗೆ ಎರಡು ಪಟ್ಟಿ ಇದ್ದವು. ಅವನು ಏನೂ ಹೇಳಲಿಲ್ಲ. ಅಜ್ಜನದು ಯಾವ ಕಾಲಿಗೆ ಎಂದಷ್ಟೇ ಕೇಳಿದ.

ಮೊದಲ ಬಹುಮಾನ ನಮಗೇ ಬಂತು. ಈ ವಯಸ್ಸಿನಲ್ಲಿ ದಿನಕ್ಕೆ ಹನ್ನೊಂದು ಸಾವಿರ ಹೆಜ್ಜೆ ಹೇಗೆ ಸಾಧ್ಯವಾಯಿತು ಎಂದು ನಿರೂಪಕರು ಅಜ್ಜನ ಮುಂದೆ ಮೈಕ್ ಹಿಡಿದರು. ಅಜ್ಜ ಕುರ್ಚಿಯಲ್ಲಿ ಕುಳಿತೇ, ವಿನಯದಿಂದ ಹೇಳಿದರು: “ಎಲ್ಲ ಮನೆಯವರ ಸಹಕಾರ.”