ಕಿವಿ ಹೇಳಿದ್ದನ್ನೇ ಕಣ್ಣು ನೋಡುತ್ತದೆ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ಮಾರುವವರು ಗಿರಾಕಿಯ ಮೊಬೈಲ್ ಪರದೆಯನ್ನು ನೋಡುವುದನ್ನೇ ಬಿಟ್ಟಿದ್ದಾರೆ. ಕೈ ಚುರುಮುರಿ ಕಲಸುತ್ತಿರುತ್ತದೆ, ಕಣ್ಣು ಮಿರ್ಚಿಯ ಎಣ್ಣೆಯ ಮೇಲಿರುತ್ತದೆ. ಹಣ ಬಂದದ್ದನ್ನು ಕೂಗಿ ಹೇಳುವ ಪಕ್ಕದ ಡಬ್ಬಿ ‘ನಲವತ್ತು ರೂಪಾಯಿ’ ಎಂದಿತೋ, ಪೊಟ್ಟಣ ಕೈ ಸೇರಿತು. ಹಸಿರು ಗುರುತಿನ ಸುಳ್ಳು ಚಿತ್ರವನ್ನು ಯಾರು ಬೇಕಾದರೂ ತೋರಿಸಬಹುದು, ತನ್ನ ಡಬ್ಬಿ ಆಡುವ ಮಾತು ಅಷ್ಟು ಸುಲಭಕ್ಕೆ ಸುಳ್ಳಾಗದು ಎಂಬ ಲೆಕ್ಕ ಅವರದು.

ಇಷ್ಟಾದರೂ ಆ್ಯಪ್ ಕಟ್ಟುವ ಬಹಳಷ್ಟು ಜನರಿಗೆ ಸದ್ದೆಂದರೆ ಕೊನೆಗೆ ಉದುರಿಸುವ ಕೊತ್ತಂಬರಿ. ಬಣ್ಣಕ್ಕೆ ವಾರಗಟ್ಟಲೆ ಚರ್ಚೆ, ಸದ್ದಿಗೆ ಸಿಕ್ಕಿದ್ದೊಂದು ‘ಟಿಂಗ್’. ಇದು ಬರೀ ಉದಾಸೀನ ಎಂಬುದು ನನ್ನ ತಕರಾರು.

ಏಕೆಂದರೆ ಸದ್ದು ನೋಟವನ್ನೇ ತಿದ್ದುತ್ತದೆ. ಸಂಶೋಧಕಿ ಲದನ್ ಶಮ್ಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪರದೆಯ ಮೇಲೆ ಬೆಳಕು ಮಿಂಚಿದ್ದು ಒಂದೇ ಸಲ. ಜೊತೆಗೆ ಎರಡು ಬೀಪ್ ಕೇಳಿಸಿದಾಗ ಜನರು ಎರಡು ಮಿಂಚು ಕಂಡೆವು ಎಂದರು. ಅದಕ್ಕೂ ಮೊದಲು, 1997ರಲ್ಲಿ, ಎದುರುಬದುರಾಗಿ ಬಂದು ದಾಟಿಹೋಗುವ ಎರಡು ಚುಕ್ಕೆಗಳನ್ನು ತೋರಿಸಲಾಗಿತ್ತು. ಅವು ಕೂಡುವ ಕ್ಷಣಕ್ಕೆ ‘ಟಕ್’ ಎಂದರೆ ಸಾಕು, ಡಿಕ್ಕಿ ಹೊಡೆದು ಹಿಂದಿರುಗಿದಂತೆ ಕಾಣುವುದು ಹೆಚ್ಚಾಗುತ್ತಿತ್ತು. ನನಗೆ ಇನ್ನೂ ಇಷ್ಟವಾದದ್ದು 2008ರದು: ಬಣ್ಣ ಬದಲಿಸುತ್ತಲೇ ಇರುವ ಓರೆಗೆರೆಗಳ ಗುಂಪಿನಲ್ಲಿ ನೆಟ್ಟಗಿನ ಅಥವಾ ಅಡ್ಡಲಾದ ಒಂದು ಗೆರೆಯನ್ನು ಹುಡುಕಬೇಕು. ಅದು ಬಣ್ಣ ಬದಲಿಸಿದಾಗಲೇ ಬೀಪ್ ಕೇಳಿಸಿದರೆ ಗೆರೆ ಥಟ್ಟನೆ ಎದ್ದು ಕಾಣುತ್ತದೆ. ಗೆರೆ ಎಲ್ಲಿದೆ ಎಂದು ಆ ಬೀಪ್ ಹೇಳುವುದೇ ಇಲ್ಲ! ಯಾವಾಗ ಎಂದಷ್ಟೇ ಹೇಳುತ್ತದೆ.

ಅಂದರೆ ಸದ್ದಿನ ಬೆಲೆಯೆಲ್ಲ ಹೊತ್ತಿನಲ್ಲಿದೆ, ಗಟ್ಟಿತನದಲ್ಲಲ್ಲ. ಗುಂಡಿ ಒತ್ತಿ ಒಂದು ಕ್ಷಣ ಕಳೆದ ಮೇಲೆ ಬರುವ ಸದ್ದು ‘ಒತ್ತಿದ್ದು ತಾಗಿತೋ ಇಲ್ಲವೋ’ ಎಂಬ ಅನುಮಾನ ಹುಟ್ಟಿಸುತ್ತದೆ, ನಾವು ಮತ್ತೊಮ್ಮೆ ಒತ್ತುತ್ತೇವೆ. ಸದ್ದಿಗೆ ಅರ್ಥವೂ ಬೇಕು. ಆ್ಯಪಲ್‌ನಲ್ಲಿದ್ದಾಗ ವಿಲಿಯಂ ಗೇವರ್ ಮಾಡಿದ, 1989ರಲ್ಲಿ ವಿವರಿಸಿದ, ಕಂಪ್ಯೂಟರಿನ ಕಡತಗಳಿಗೆ ಸದ್ದು ಕೂಡಿಸುವ ತಂತ್ರಾಂಶ ‘ಸಾನಿಕ್‌ಫೈಂಡರ್’ನಲ್ಲಿ ದೊಡ್ಡ ಕಡತವನ್ನು ಮುಟ್ಟಿದರೆ ದಪ್ಪ ದನಿ ಬರುತ್ತಿತ್ತು. ಯಾರೂ ಕಲಿಸಬೇಕಿರಲಿಲ್ಲ.

ಇತ್ತ ಧಾರವಾಡದ ಒಂದು ಕಚೇರಿಯ ಟೋಕನ್ ಫಲಕ ನೋಡಿ. ಯಾವ ಕೌಂಟರಿನ ಸಂಖ್ಯೆ ಬದಲಾದರೂ ಅದೇ ಬೀಪ್. ಮೊದಮೊದಲು ಎಲ್ಲರೂ ತಲೆ ಎತ್ತುತ್ತಾರೆ, ಸ್ವಲ್ಪ ಹೊತ್ತಿನ ಮೇಲೆ ಯಾರೂ ಎತ್ತುವುದಿಲ್ಲ. ಆಗ ಗುಮಾಸ್ತರೇ ಗಂಟಲು ಹರಿದುಕೊಳ್ಳಬೇಕು. ಕೌಂಟರಿಗೊಂದು ಬೇರೆ ದನಿಯಿಟ್ಟು ಸಂಖ್ಯೆಯನ್ನು ಕನ್ನಡದಲ್ಲಿ ಹೇಳಿಸಿದರೆ ಮುಗಿಯಿತು. ಕಿವಿ ಕೇಳಿಸದವರಿಗಾಗಿ ಫಲಕ ಇದ್ದೇ ಇರಲಿ, ಅದರ ಬಗ್ಗೆ ನನ್ನ ಜಗಳವಿಲ್ಲ.

ಅಲ್ಲಿಗೆ ಈಗ ಇನ್ನೂ ದೊಡ್ಡ ಟಿವಿ ಬರುತ್ತದಂತೆ. ಬೀಪ್ ಮಾತ್ರ ಹಳೆಯದೇ ಉಳಿಯುತ್ತದಂತೆ.